ಎರಿ ಮಣ್ಣಿನ ಒಂದು ಹನಿ

ಬೆಳಗಾವಿ ಜಿಲ್ಲೆಯ ಮನೋಳಿಯ ಕಪ್ಪು ಎರಿ ಹೊಲದಿಂದ ಒಂದು ಚಿಟಿಕೆ ಮಣ್ಣು ತಂದು, ಮಳೆನೀರಿನಲ್ಲಿ ಕದಡಿ, ಅದರ ಒಂದು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಬಿಟ್ಟು ನಾನೂರು ಪಟ್ಟು ಹಿಗ್ಗಿಸಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕುಣಿತ. ಕಪ್ಪು, ಕಂದು, ಅಂಚಿನಲ್ಲಿ ಹೊಳೆಯುವ ಸಾವಿರಾರು ಚುಕ್ಕೆಗಳು ನಿಂತಲ್ಲಿ ನಿಲ್ಲದೆ ನಡುಗುತ್ತಿರುತ್ತವೆ. ಮೊದಲ ಸಲ ನೋಡಿದ ರೈತರು ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: “ಇವೆಲ್ಲಾ ಜೀವ ಅದಾವೇನ್ರಿ?” ಹೌದು ಅಂದುಬಿಡಲಿ ಎಂಬ ಆಸೆ ಆ ದನಿಯಲ್ಲೇ ಇರುತ್ತದೆ. ಆದರೆ ಅವುಗಳಲ್ಲಿ ಬಹುಪಾಲು ಜೀವವಲ್ಲ. ಕುಣಿಯುತ್ತಿರುವುದು ಮಣ್ಣೇ.

1827ರಲ್ಲಿ ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಪರಾಗದೊಳಗಿನ ಸಣ್ಣ ಕಣಗಳು ನೀರಿನಲ್ಲಿ ಹೀಗೆಯೇ ನಡುಗುವುದನ್ನು ಕಂಡರು. ಇದು ಜೀವದ ಲಕ್ಷಣವಿರಬಹುದೇ ಎಂಬ ಅನುಮಾನ ಅವರಿಗೂ ಬಂತು. ಅದನ್ನು ತೀರಿಸಿಕೊಳ್ಳಲು ಗಾಜು ಅರೆದು ನೋಡಿದರು, ಕಲ್ಲು ಅರೆದು ನೋಡಿದರು, ಈಜಿಪ್ಟಿನ ಸ್ಫಿಂಕ್ಸ್ ಪ್ರತಿಮೆಯ ಒಂದು ಚೂರನ್ನೂ ಬಿಡಲಿಲ್ಲ. ಪುಡಿ ಸಾಕಷ್ಟು ಸಣ್ಣದಾಗಿದ್ದರೆ ಎಲ್ಲವೂ ಕುಣಿದವು. ನೀರಿನ ಅಣುಗಳು ಸುತ್ತಲಿಂದ ಬಂದು ಬಡಿಯುವ ಹೊಡೆತಕ್ಕೆ ಕಣ ಹೀಗೆ ಅಲುಗುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಲು 1905ರವರೆಗೆ, ಐನ್‌ಸ್ಟೈನ್ ಬರುವವರೆಗೆ ಕಾಯಬೇಕಾಯಿತು.

ನಮ್ಮ ಎರಿ ಭೂಮಿಗೆ ಈ ಸಂಗತಿ ಬೇರೆಲ್ಲ ಮಣ್ಣಿಗಿಂತ ಹೆಚ್ಚು ಅನ್ವಯಿಸುತ್ತದೆ. ಎರಿ ಮಣ್ಣಿನಲ್ಲಿ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು, ಜೇಡಿಯೇ ಇರುತ್ತದೆ. ಜೇಡಿ ಎಂದರೆ ಎರಡು ಮೈಕ್ರಾನಿಗಿಂತ ಸಣ್ಣ ಕಣ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲು. ಇಲ್ಲಿನ ಜೇಡಿಯಲ್ಲಿ ಮುಖ್ಯವಾದ ಖನಿಜ ಮಾಂಟ್‌ಮೊರಿಲೊನೈಟ್. ಇದರ ಹಾಳೆಗಳ ನಡುವೆ ನೀರು ನುಗ್ಗುತ್ತದೆ, ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರಿ ಹೊಲ ಕೈ ಇಳಿಯುವಷ್ಟು ಅಗಲಕ್ಕೆ ಬಾಯಿ ಬಿಡುವುದು, ಮಳೆಗಾಲದಲ್ಲಿ ಕಾಲಿಗೆ ಸೇರುಗಟ್ಟಲೆ ಹತ್ತಿಕೊಳ್ಳುವುದು, ಮತ್ತು ಸೂಕ್ಷ್ಮದರ್ಶಕದ ಕೆಳಗೆ ನಮ್ಮ ಕಣ್ಣನ್ನು ಮೋಸಗೊಳಿಸುವುದು, ಮೂರಕ್ಕೂ ಕಾರಣ ಒಂದೇ, ಈ ಜೇಡಿ. ಜೇಡಿಯ ಚೂರಿನ ಗಾತ್ರ ಹೆಚ್ಚುಕಡಿಮೆ ಬ್ಯಾಕ್ಟೀರಿಯಾದ ಗಾತ್ರ.

ಬೇರ್ಪಡಿಸಿ ನೋಡುವುದು ಕಲಿಯಬಹುದಾದ ಕೆಲಸ. ಜೇಡಿಯ ಕಣ ತನ್ನ ಜಾಗದ ಸುತ್ತ ನಡುಗುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಈಜುವ ಬ್ಯಾಕ್ಟೀರಿಯಾ ಹೋಗುತ್ತದೆ, ತಿರುಗುತ್ತದೆ, ನಿಂತು ಮತ್ತೆ ಹೊರಡುತ್ತದೆ. ನೀರಿನ ಸೆಳೆತಕ್ಕೆ ಎದುರಾಗಿಯೂ ಸಾಗುತ್ತದೆ. ಜೇಡಿಯ ಚೂರುಗಳು ಅಂಕುಡೊಂಕು, ಒಂದರಂತೆ ಇನ್ನೊಂದಿಲ್ಲ. ಬ್ಯಾಕ್ಟೀರಿಯಾ ಒಂದೇ ಅಳತೆಯ ಗುಂಡು ಅಥವಾ ಕಡ್ಡಿ, ಕೆಲವು ಜೋಡಿಯಾಗಿ, ಕೆಲವು ಸರವಾಗಿ. ಅನುಮಾನ ಉಳಿದರೆ ಕವರ್‌ಸ್ಲಿಪ್‌ನ ಅಂಚಿಗೆ ಒಂದು ಹನಿ ಅಯೋಡಿನ್ ಬಿಡಬೇಕು. ಅದು ಒಳಗೆ ಹರಿದಂತೆ ಈಜುತ್ತಿದ್ದವು ಸತ್ತು ನಿಲ್ಲುತ್ತವೆ. ಜೇಡಿ ಏನೂ ಆಗದಂತೆ ಕುಣಿಯುತ್ತಲೇ ಇರುತ್ತದೆ. ಇಷ್ಟಾದರೂ ಒಂದು ಮಿತಿ ಉಳಿಯುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಅನೇಕವು ಈಜುವುದೇ ಇಲ್ಲ, ಜೇಡಿಯ ಮೈಗೆ ಅಂಟಿಕೊಂಡು ಕೂತಿರುತ್ತವೆ. ಆದ್ದರಿಂದ ಎರಿ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಎಣಿಸಿದೆ ಎಂದು ಯಾರಾದರೂ ಅಂಕಿ ಕೊಟ್ಟರೆ, ಅದಕ್ಕೆ ಬಣ್ಣ ಹಾಕಿದ್ದರೇ ಎಂದು ಕೇಳುವುದು ಒಳ್ಳೆಯದು. ಬಣ್ಣವಿಲ್ಲದ ಹನಿಯಲ್ಲಿ ನಂಬಬಹುದಾದದ್ದು ಬ್ಯಾಕ್ಟೀರಿಯಾಕ್ಕಿಂತ ದೊಡ್ಡ ಜೀವಿಗಳ ಲೆಕ್ಕ. ಅದೃಷ್ಟಕ್ಕೆ ರೈತನಿಗೆ ಹೆಚ್ಚು ಬೇಕಾದ ಸುದ್ದಿ ಹೇಳುವುದೂ ಅವೇ.

ಏಕೆ ಎಂಬುದಕ್ಕೆ ಒಂದು ಹಳೆಯ ಜಗಳದ ಕತೆ ಹೇಳಬೇಕು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1909ರ ಹೊತ್ತಿಗೆ ರಸೆಲ್ ಮತ್ತು ಹಚಿನ್ಸನ್ ಒಂದು ವಿಚಿತ್ರ ಸಂಗತಿ ಗಮನಿಸಿದರು. ಮಣ್ಣನ್ನು ಕಾಯಿಸಿದರೆ ಅದರ ಫಲವತ್ತತೆ ಏರುತ್ತಿತ್ತು. ಕಾವಿಗೆ ಪ್ರೋಟೋಜೋವಾ ಎಂಬ ಏಕಕೋಶ ಜೀವಿಗಳು ಸತ್ತು ಬ್ಯಾಕ್ಟೀರಿಯಾಗಳು ಹೇಗೋ ಉಳಿದು ಹೆಚ್ಚುತ್ತವೆ, ಅದೇ ಕಾರಣ ಎಂದು ಅವರು ವಾದಿಸಿದರು. ಅವರ ಪ್ರಕಾರ ಪ್ರೋಟೋಜೋವಾ ಹೊಲದ ಕಳ್ಳ. ರೈತನ ಪರ ದುಡಿಯುವ ಬ್ಯಾಕ್ಟೀರಿಯಾಗಳನ್ನು ತಿಂದುಹಾಕುವ ಪ್ರಾಣಿ. ಇದನ್ನು ಪರೀಕ್ಷಿಸಲು ಅದೇ ಕೇಂದ್ರದ ಕಟ್ಲರ್, ಕ್ರಂಪ್ ಮತ್ತು ಸ್ಯಾಂಡನ್ 1920ರ ಜುಲೈಯಿಂದ ಸತತ 365 ದಿನ ಒಂದೇ ಹೊಲದ ಮಣ್ಣು ತಂದು ಬ್ಯಾಕ್ಟೀರಿಯಾಗಳನ್ನೂ ಅಮೀಬಾ, ಫ್ಲಾಜೆಲೇಟ್ ಎಂಬ ಪ್ರೋಟೋಜೋವಾಗಳನ್ನೂ ಎಣಿಸಿದರು. ಒಂದು ದಿನವೂ ತಪ್ಪಲಿಲ್ಲ. ಬಹುಮಟ್ಟಿಗೆ ಅಮೀಬಾ ಏರಿದ ದಿನ ಬ್ಯಾಕ್ಟೀರಿಯಾ ಇಳಿದಿತ್ತು, ಅಮೀಬಾ ಇಳಿದ ದಿನ ಬ್ಯಾಕ್ಟೀರಿಯಾ ಏರಿತ್ತು. ತಿನ್ನುವುದು ನಿಜ ಎಂದು ಖಚಿತವಾಯಿತು. ಮಣ್ಣಿನ ವಿಜ್ಞಾನದಲ್ಲಿ ಇಷ್ಟು ತಾಳ್ಮೆಯ ಕೆಲಸ ಬಹಳ ಕಡಿಮೆ, ಅದಕ್ಕಾಗಿಯೇ ಆ ಹೆಸರುಗಳನ್ನು ಇಲ್ಲಿ ಬರೆದೆ.

ಆದರೆ ತಿನ್ನುವುದು ಕಳ್ಳತನ ಎಂಬ ಮಾತು ಉಳಿಯಲಿಲ್ಲ. ಬ್ಯಾಕ್ಟೀರಿಯಾದ ಮೈಯಲ್ಲಿ ಸಾರಜನಕ ದಟ್ಟವಾಗಿದೆ. ಐದು ಪಾಲು ಇಂಗಾಲಕ್ಕೆ ಹೆಚ್ಚುಕಡಿಮೆ ಒಂದು ಪಾಲು. ಸೆಗಣಿಯ, ಎಲೆಯ, ಬೇರಿನ ಸಾರಜನಕವನ್ನು ಅದು ಹೀರಿ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಬೆಳೆಗೆ ಅದು ಸಿಗದು. ಬ್ಯಾಕ್ಟೀರಿಯಾವನ್ನು ತಿನ್ನುವ ಅಮೀಬಾಕ್ಕೂ ನೆಮಟೋಡ್ ಎಂಬ ಸಣ್ಣ ದುಂಡುಹುಳುವಿಗೂ ಅಷ್ಟು ಸಾರಜನಕ ಬೇಡ. ಹೆಚ್ಚಾದದ್ದನ್ನು ಅಮೋನಿಯಂ ರೂಪದಲ್ಲಿ ಹೊರಹಾಕುತ್ತವೆ, ಬೇರು ಅದನ್ನು ಎತ್ತಿಕೊಳ್ಳುತ್ತದೆ. ಮೇವು ತಿಂದ ದನ ಹೊಲದಲ್ಲೇ ಸೆಗಣಿ ಹಾಕಿ ಹೋದಂತೆ. 1985ರಲ್ಲಿ ಸ್ವೀಡನ್ನಿನ ಮರಿಯಾನ್ ಕ್ಲಾರ್‌ಹೋಮ್ ಗೋಧಿ ಸಸಿಗಳ ಮೇಲೆ, ಅದೇ ವರ್ಷ ಅಮೆರಿಕದ ಕೊಲರಾಡೊದಲ್ಲಿ ರಸೆಲ್ ಇಂಗಾಮ್, ಎಲೇನ್ ಇಂಗಾಮ್ ಮತ್ತು ಜೊತೆಗಾರರು ಹುಲ್ಲಿನ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು: ತಿನ್ನುವ ಪ್ರಾಣಿಗಳಿದ್ದ ಮಣ್ಣಿನ ಸಸಿ, ಬರೀ ಬ್ಯಾಕ್ಟೀರಿಯಾ ಇದ್ದ ಮಣ್ಣಿನ ಸಸಿಗಿಂತ ಹೆಚ್ಚು ಸಾರಜನಕ ಪಡೆದಿತ್ತು. ಮುಂದೆ ಎಲೇನ್ ಇಂಗಾಮ್ ಅವರೇ ಪ್ರಯೋಗಾಲಯದ ಈ ಸೂಕ್ಷ್ಮದರ್ಶಕವನ್ನು ರೈತರ ಕೈಗೆ ಕೊಟ್ಟು ಕಾಂಪೋಸ್ಟ್ ನೋಡಲು ಕಲಿಸುವ ಚಳವಳಿಯನ್ನೇ ಕಟ್ಟಿದರು.

ಹಾಗಾಗಿ ಹನಿಯಲ್ಲಿ ನಾವು ಹುಡುಕುವುದು ಒಂದು ಸರಪಳಿ. ಕೊಳೆಸುವವರಿದ್ದಾರೆಯೇ, ಕೊಳೆಸುವವರನ್ನು ತಿನ್ನುವವರಿದ್ದಾರೆಯೇ, ಅವರನ್ನೂ ತಿನ್ನುವವರಿದ್ದಾರೆಯೇ?

ನಮ್ಮ ಮಣ್ಣಿನ ಕಾಗದಪತ್ರಗಳಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಅದಕ್ಕೂ ಮೊದಲು, 2009ರಲ್ಲಿ, ಕರ್ನಾಟಕ ಸರಕಾರ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಜೊತೆ ಸೇರಿ ಆರಂಭಿಸಿದ ಭೂಚೇತನ ಯೋಜನೆ ನಮ್ಮ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಎಷ್ಟು ವ್ಯಾಪಕವಾಗಿ ಕಡಿಮೆ ಇವೆ ಎಂಬುದನ್ನು ಎತ್ತಿ ತೋರಿಸಿತು. ಇವೆಲ್ಲ ಬೇಕಾದ ಕೆಲಸಗಳು. ಚೀಟಿಯನ್ನು ಮಡಚಿ ಗೂಡಿನಲ್ಲಿಡುವ ರೈತ ನಷ್ಟ ಮಾಡಿಕೊಳ್ಳುತ್ತಾನೆ. ಆದರೆ ಹನ್ನೆರಡರಲ್ಲಿ ಜೀವದ ಹತ್ತಿರ ಬರುವುದು ಸಾವಯವ ಇಂಗಾಲ ಒಂದೇ, ಅದೂ ಸತ್ತದ್ದನ್ನೂ ಬದುಕಿದ್ದನ್ನೂ ಒಟ್ಟಿಗೆ ತೂಗುತ್ತದೆ. ಆ ಇಂಗಾಲದಲ್ಲಿ ಜೀವಂತ ಸೂಕ್ಷ್ಮಾಣುಗಳ ಪಾಲು ನೂರಕ್ಕೆ ಒಂದರಿಂದ ಐದರಷ್ಟು ಮಾತ್ರ. ಆ ಸಣ್ಣ ಪಾಲಿನ ವಿಚಾರ ತಿಳಿಯಬೇಕಾದರೆ ನೋಡಲೇಬೇಕು.

ನೋಡಲು ಏನು ಬೇಕು? ಪಿಯು ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿರುವಂಥ ಸೂಕ್ಷ್ಮದರ್ಶಕ ಸಾಕು. ಹರಿಯಾಣದ ಅಂಬಾಲಾದಲ್ಲಿ ತಯಾರಾಗಿ ದೇಶದ ತುಂಬ ಹೋಗುವ ಈ ಉಪಕರಣ ಪ್ರಾಯೋಗಿಕ ಪರೀಕ್ಷೆಯ ವಾರಗಳನ್ನು ಬಿಟ್ಟರೆ ವರ್ಷವಿಡೀ ಕಪಾಟಿನಲ್ಲಿ ಕೂತಿರುತ್ತದೆ. ಎರಿ ಹೊಲದ ಮಕ್ಕಳು ಓದುವ ಕಾಲೇಜಿನಲ್ಲಿ ಈರುಳ್ಳಿ ಸಿಪ್ಪೆ ನೋಡಿದ ಮೇಲೆ ತಮ್ಮ ಹೊಲದ ಮಣ್ಣು ನೋಡುವ ಒಂದು ತರಗತಿ ಇರಬಾರದೇಕೆ ಎಂದು ನನಗೆ ಪ್ರತಿಸಲ ಅನ್ನಿಸುತ್ತದೆ. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವೂ ಇದೆ. ನೂರನಲವತ್ತು ಪಟ್ಟು ಹಿಗ್ಗಿಸುವ ಅದರಲ್ಲಿ ನೆಮಟೋಡ್, ಶಿಲೀಂಧ್ರದ ಎಳೆ ಕಾಣುತ್ತವೆ. ಸಣ್ಣ ಫ್ಲಾಜೆಲೇಟ್‌ಗಳ ಗುರುತು ಹಿಡಿಯುವುದು ಕಷ್ಟ.

ಮಣ್ಣನ್ನು ಬೇರಿನ ಆಸುಪಾಸು ಮೂರು ನಾಲ್ಕು ಬೆರಳು ಆಳದಿಂದ, ಹೊಲದ ಹಲವು ಕಡೆಯಿಂದ ತೆಗೆದು ಬೆರೆಸಬೇಕು. ಚೀಲದ ಬಾಯಿ ಬಿಗಿಯಾಗಿ ಕಟ್ಟಿದರೆ ಒಳಗೆ ಗಾಳಿ ಮುಗಿದು ಜೀವಿಗಳ ಲೆಕ್ಕವೇ ಬದಲಾಗುತ್ತದೆ. ಸಡಿಲವಾಗಿ ಕಟ್ಟಿ, ನೆರಳಲ್ಲಿಟ್ಟು, ಅದೇ ದಿನ ನೋಡುವುದು ಮೇಲು. ನಲ್ಲಿ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ, ಸವುಳು ಬೋರಿನ ನೀರು ಅವುಗಳ ಮೈಯ ನೀರನ್ನೇ ಎಳೆಯುತ್ತದೆ. ಮಳೆನೀರು ಹಿಡಿದಿಟ್ಟುಕೊಂಡರೆ ಚಿಂತೆಯಿಲ್ಲ. ಕಾಂಪೋಸ್ಟಿಗೆ ಒಂದು ಗ್ರಾಂಗೆ ನೀರು ಸೇರಿಸಿ ಐದು ಮಿಲಿಲೀಟರ್ ಮಾಡಿ ಅರ್ಧ ನಿಮಿಷ ಮೆಲ್ಲಗೆ ಅಲುಗಾಡಿಸಬೇಕು. ವಿದೇಶದ ಕೈಪಿಡಿಗಳು ಮಣ್ಣಿಗೂ ಇದೇ ಅಳತೆ ಹೇಳುತ್ತವೆ. ನಮ್ಮ ಎರಿಗೆ ಅದು ನಡೆಯದು, ಸ್ಲೈಡ್ ಕೆಸರಿನ ಗದ್ದೆಯಾಗುತ್ತದೆ. ಇಪ್ಪತ್ತು ಪಟ್ಟು, ಕೆಲವು ಸಲ ಐವತ್ತು ಪಟ್ಟು ತೆಳುಮಾಡಬೇಕಾಗುತ್ತದೆ. ಗುಡ್ಡದ ಕಡೆಯ ಮಸಾರಿ ಮಣ್ಣಾದರೆ ಇಷ್ಟು ಕಾಡುವುದಿಲ್ಲ. ಇನ್ನೊಂದು ಗುಟ್ಟು ಬೆಳಕಿನದು. ಜೀವಿಗಳು ಗಾಜಿನಂತೆ ಪಾರದರ್ಶಕ. ಕಂಡೆನ್ಸರ್ ಕೆಳಗಿನ ಡಯಾಫ್ರಮ್ ಅನ್ನು ಬಹುತೇಕ ಮುಚ್ಚಿದಾಗ ಮಾತ್ರ ಅವುಗಳ ಅಂಚು ಎದ್ದು ಕಾಣುತ್ತದೆ. ಬೆಳಕು ಜಾಸ್ತಿ ಕೊಟ್ಟಷ್ಟೂ ಕಾಣುವುದು ಕಡಿಮೆ.

ಲೆಕ್ಕ ಸರಳ. ಡ್ರಾಪರಿನ ಇಪ್ಪತ್ತು ಹನಿ ಸೇರಿದರೆ ಒಂದು ಮಿಲಿಲೀಟರ್. ಒಂದು ಗ್ರಾಂ ಕಾಂಪೋಸ್ಟ್ ಐದು ಮಿಲಿಲೀಟರಿನಲ್ಲಿದ್ದರೆ ಒಟ್ಟು ನೂರು ಹನಿ. ಇಡೀ ಹನಿ ಹುಡುಕಿದಾಗ ಒಂದು ನೆಮಟೋಡ್ ಸಿಕ್ಕರೆ ಗ್ರಾಂಗೆ ಸುಮಾರು ನೂರು ಇವೆ ಎಂದಾಯಿತು. ಸಣ್ಣ ಜೀವಿಗಳಿಗೆ ಇಡೀ ಹನಿ ಹುಡುಕಲಾಗದು. ನಾನೂರು ಪಟ್ಟಿನಲ್ಲಿ ಕಣ್ಣಿಗೆ ಒಮ್ಮೆಗೆ ಕಾಣುವ ವೃತ್ತದ ಅಡ್ಡಳತೆ 0.45 ಮಿಲಿಮೀಟರ್, ಹದಿನೆಂಟು ಮಿಲಿಮೀಟರ್ ಚೌಕದ ಕವರ್‌ಸ್ಲಿಪ್‌ನಲ್ಲಿ ಅಂಥ ಸುಮಾರು ಎರಡು ಸಾವಿರ ವೃತ್ತಗಳು ಹಿಡಿಯುತ್ತವೆ. ಸರಾಸರಿ ವೃತ್ತಕ್ಕೊಂದು ಫ್ಲಾಜೆಲೇಟ್ ಕಂಡರೆ ಹನಿಗೆ ಎರಡು ಸಾವಿರ, ಗ್ರಾಂಗೆ ಎರಡು ಲಕ್ಷ. ಆದ್ದರಿಂದಲೇ ಒಂದು ವೃತ್ತ ನೋಡಿ ತೀರ್ಪು ಕೊಡುವುದು ತಪ್ಪು. ಕವರ್‌ಸ್ಲಿಪ್‌ನ ಬೇರೆಬೇರೆ ಭಾಗದಲ್ಲಿ ಇಪ್ಪತ್ತು ವೃತ್ತವನ್ನಾದರೂ ನೋಡಬೇಕು, ಬೇರೆ ಹನಿಗಳಲ್ಲೂ ನೋಡಬೇಕು.

ಈಗ ತಿಪ್ಪೆಗೆ ಬರೋಣ. ಸೂಕ್ಷ್ಮದರ್ಶಕ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲಿ, ಹೊಲದಲ್ಲಿ ಅಲ್ಲ ಎಂಬುದು ನನ್ನ ಅಭಿಪ್ರಾಯ. ಹೊಲದ ಮಣ್ಣು ನಿಧಾನವಾಗಿ ಬದಲಾಗುತ್ತದೆ. ತಿಪ್ಪೆ ವಾರವಾರಕ್ಕೆ ಬದಲಾಗುತ್ತದೆ, ನೋಡಿ ಕೈ ಹಾಕಲು ಅವಕಾಶವಿರುತ್ತದೆ. ಮನೋಳಿಯ ಬಳಿ ರೇಣುಕಾ ಸಕ್ಕರೆ ಕಾರ್ಖಾನೆ ಇದೆ, ಸುತ್ತಲ ಹೊಲಗಳಲ್ಲಿ ಕಬ್ಬಿದೆ. ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ರವದಿ ನೆಲದ ಮೇಲೆ ಉಳಿಯುತ್ತದೆ. ಕೊಳೆಯುವುದಿಲ್ಲ ಎಂದು ಬೆಂಕಿ ಇಡುವವರೇ ಹೆಚ್ಚು. ರವದಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರರ ಆಸುಪಾಸು ಇಂಗಾಲವಿದೆ. ಸೆಗಣಿಯಲ್ಲಿ ಇಪ್ಪತ್ತು ಇಪ್ಪತ್ತೈದು. ರವದಿ ಒಂದೇ ಇದ್ದರೆ ಬ್ಯಾಕ್ಟೀರಿಯಾಕ್ಕೆ ಹೊಟ್ಟೆಗೆ ಸಾಲದು. ಸೆಗಣಿ, ಹಸಿ ಕಸ, ಕಾರ್ಖಾನೆಯ ಪ್ರೆಸ್ ಮಡ್ ಬೆರೆಸಿ ತೇವ ಕೊಟ್ಟರೆ ರಾಶಿ ಬಿಸಿಯೇರುತ್ತದೆ, ಕೈ ಒಳಗಿಡಲಾಗದಷ್ಟು.

ಆ ಬಿಸಿಯ ದಿನಗಳಲ್ಲಿ ಹನಿ ತೆಗೆದರೆ ಬ್ಯಾಕ್ಟೀರಿಯಾ ದಟ್ಟವಾಗಿ ಕಾಣುತ್ತದೆ, ಬೇರೆ ಪ್ರಾಣಿ ಇರುವುದಿಲ್ಲ. ಅರವತ್ತು ಡಿಗ್ರಿಯ ಹತ್ತಿರದ ಕಾವಿನಲ್ಲಿ ಅಮೀಬಾ, ನೆಮಟೋಡ್ ಬದುಕಲಾರವು. ಇದು ಕೆಟ್ಟ ಲಕ್ಷಣವಲ್ಲ, ಕಸದ ಬೀಜವೂ ರೋಗಾಣುವೂ ಸಾಯುವ ಹಂತವೇ ಇದು. ಕಾವು ಇಳಿಯತೊಡಗಿದಾಗ ರಾಶಿಯ ಮೇಲ್ಪದರದ ಕೆಳಗೆ ಬೂದಿ ಚೆಲ್ಲಿದಂತೆ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಅದನ್ನು ಸ್ಲೈಡಿಗೆ ಹಾಕಿದರೆ ಒಂದು ಮೈಕ್ರಾನ್ ದಪ್ಪದ ನವಿರಾದ ಎಳೆಗಳ ಜಾಲ. ಇವು ಆ್ಯಕ್ಟಿನೋಬ್ಯಾಕ್ಟೀರಿಯಾ, ಮೊದಲ ಮಳೆಗೆ ಎರಿ ಭೂಮಿಯಿಂದ ಏಳುವ ಕಮ್ಮನೆಯ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಮಾಡುವ ಬಳಗ. ಎರಡೂವರೆ ಮೂರು ಮೈಕ್ರಾನಿಗಿಂತ ದಪ್ಪ, ಅಡ್ಡಗೋಡೆಗಳಿರುವ, ಕಂದು ಛಾಯೆಯ ಎಳೆ ಕಂಡರೆ ಅದು ಶಿಲೀಂಧ್ರ. ರವದಿಯ ಗಟ್ಟಿ ನಾರು ಒಡೆಯುವವರು ಮುಖ್ಯವಾಗಿ ಇವರೇ. ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಹಾಕಿ ಮಾಡಿದ ರಾಶಿಯಲ್ಲಿ ಎಳೆ ಹಿಡಿದಿದೆಯೇ ಇಲ್ಲವೇ ಎಂಬುದನ್ನು ಹೊರಗಿನಿಂದ ಊಹಿಸುವ ಬದಲು ನೋಡಿ ಖಚಿತ ಮಾಡಿಕೊಳ್ಳಬಹುದು. ಕೊನೆಗೆ, ರಾಶಿ ತಣ್ಣಗಾಗಿ ಹದಕ್ಕೆ ಬಂದಾಗ, ಫ್ಲಾಜೆಲೇಟ್‌ಗಳು, ಅಮೀಬಾಗಳು, ಮಡಿಕೆಯಂಥ ಚಿಪ್ಪು ಹೊತ್ತು ನಿಧಾನ ತೆವಳುವ ಇನ್ನೊಂದು ಜಾತಿಯ ಅಮೀಬಾ, ಬ್ಯಾಕ್ಟೀರಿಯಾ ತಿನ್ನುವ ನೆಮಟೋಡ್ ಬಂದು ಸೇರುತ್ತವೆ. ಆಗ ಚಕ್ಕಡಿ ಹೂಡಬಹುದು.

ಗಾಳಿಯಾಡದ ತಿಪ್ಪೆಯ ಹನಿ ಬೇರೆಯೇ. ತಿರುಪಿನಂತೆ ಸುರುಳಿ ಸುತ್ತಿ ಓಡುವ ಬ್ಯಾಕ್ಟೀರಿಯಾ ಗುಂಪುಗುಂಪಾಗಿ ಕಾಣುತ್ತವೆ, ಶಿಲೀಂಧ್ರದ ಎಳೆ ಹುಡುಕಿದರೂ ಸಿಗುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆ ಜೊತೆಗಿದ್ದರೆ ಅನುಮಾನವೇ ಬೇಡ. ರಾಶಿ ತಿರುವಿ ಗಾಳಿ ಕೊಡಬೇಕು. ತಿರುವುವುದೋ ಬೇಡವೋ ಎಂಬ ಚರ್ಚೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾತ್ರವಿದೆ. ಆಲ್ಬರ್ಟ್ ಹೋವರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿ ರೂಪಿಸಿದ್ದು ತಿರುವುವ ವಿಧಾನ. 1939ರಲ್ಲಿ ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯ ರೂಪಿಸಿದ್ದು ಇದಕ್ಕೆ ಎದುರಾದ, ತಿರುವದ ವಿಧಾನ: ಊರ ಕಸ, ಮಲ ಪದರಪದರವಾಗಿ ಗುಂಡಿಯಲ್ಲಿ ತುಂಬಿ ಮಣ್ಣು ಮುಚ್ಚಿ ತಿಂಗಳುಗಟ್ಟಲೆ ಬಿಡುವುದು. ಅದು ಬೆಂಗಳೂರು ವಿಧಾನವೆಂದೇ ಲೋಕಪ್ರಸಿದ್ಧ. ಮೊದಲ ವಾರ ಹತ್ತು ದಿನ ಬಿಟ್ಟರೆ ಆ ಗುಂಡಿಯಲ್ಲಿ ಗಾಳಿಯಿಲ್ಲ. ಕೂಲಿ ಉಳಿಯುತ್ತದೆ, ಸಾರಜನಕವೂ ಹೆಚ್ಚು ಉಳಿಯುತ್ತದೆ, ಸಮಯ ಮಾತ್ರ ಆರೆಂಟು ತಿಂಗಳು ಬೇಕು. ಆದ್ದರಿಂದ ಗುಂಡಿಯ ಗೊಬ್ಬರದ ಹನಿಯಲ್ಲಿ ಗಾಳಿಯಿಲ್ಲದ ಜೀವಿಗಳು ಕಂಡರೆ ಗಾಬರಿ ಬೀಳಬೇಕಿಲ್ಲ. ಗುಂಡಿ ತೆಗೆದು, ನೆರಳಲ್ಲಿ ಹರವಿ, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು.

ಬೇಸಿಗೆಯ ಎರಿ ಮಣ್ಣು ನೋಡುವವರಿಗೆ ಇನ್ನೊಂದು ನಿರಾಸೆ ಕಾದಿರುತ್ತದೆ. ಏಪ್ರಿಲ್ ಮೇ ತಿಂಗಳ ಹೆಂಟೆಯನ್ನು ಕದಡಿದರೆ ಓಡಾಡುವ ಒಂದು ಪ್ರಾಣಿಯೂ ಕಾಣದು. ಹೊಲ ಸತ್ತಿದೆ ಎಂದು ಆಗ ಹೇಳುವುದು ದೊಡ್ಡ ತಪ್ಪು. ಅಮೀಬಾ, ಫ್ಲಾಜೆಲೇಟ್, ಸಿಲಿಯೇಟ್ ಎಂಬ ಪ್ರೋಟೋಜೋವಾಗಳು ಗುಂಡಗಿನ ಗಟ್ಟಿ ಕೋಶ ಕಟ್ಟಿಕೊಂಡು ಒಳಗಿವೆ, ನೆಮಟೋಡ್‌ಗಳು ಮೈಯ ನೀರನ್ನೆಲ್ಲ ಬಿಟ್ಟು ಸುರುಳಿಯಾಗಿ ಮಲಗಿವೆ. ಒಂದು ಹಿಡಿ ಒಣಮಣ್ಣನ್ನು ತಟ್ಟೆಯಲ್ಲಿಟ್ಟು ಮಳೆನೀರು ಚಿಮುಕಿಸಿ ತೇವವಾಗಿಟ್ಟು ನೋಡುತ್ತ ಹೋಗಿ. ಕೆಲವೇ ಗಂಟೆಗಳಲ್ಲಿ ಕೊಲ್ಪೋಡಾ ಎಂಬ, ಅವರೆಬೀಜದ ಆಕಾರದ ಸಿಲಿಯೇಟ್ ಕೋಶ ಒಡೆದು ಹೊರಬಂದು ಉರುಳುರುಳಿ ಈಜತೊಡಗುತ್ತದೆ. ಮರುದಿನ ಬ್ಯಾಕ್ಟೀರಿಯಾ ತುಂಬಿರುತ್ತದೆ, ಅದರ ಹಿಂದೆಯೇ ತಿನ್ನುವವರು ಹೆಚ್ಚುತ್ತಾರೆ. ಕೆನ್ಯಾದಲ್ಲಿ ಕೆಲಸ ಮಾಡುತ್ತಿದ್ದ ಬರ್ಚ್ 1958ರಲ್ಲಿ ಇದರ ರಾಸಾಯನಿಕ ಮುಖವನ್ನು ವಿವರಿಸಿದರು: ಒಣಗಿದ ಮಣ್ಣಿಗೆ ನೀರು ಬಿದ್ದೊಡನೆ ಕೊಳೆಯುವಿಕೆ ಭರದಿಂದ ಎದ್ದು ಸಾರಜನಕ ಬಿಡುಗಡೆಯಾಗುತ್ತದೆ, ಕೆಲ ದಿನಕ್ಕೆ ಇಳಿಯುತ್ತದೆ. ಮುಂಗಾರಿಯ ಮೊದಲ ಹದಕ್ಕೇ ಬಿತ್ತಬೇಕು ಎಂದು ಹಿರಿಯರು ಅವಸರ ಮಾಡುವುದರ ಹಿಂದೆ ತೇವದ ಲೆಕ್ಕದ ಜೊತೆ ಈ ಲೆಕ್ಕವೂ ಸೇರಿದೆ ಎಂದು ನಾನು ನಂಬುತ್ತೇನೆ. ಮಣ್ಣು ಹೋಲಿಸುವವರು ಒಂದೇ ಕಾಲದ, ಒಂದೇ ತೇವದ ಮಣ್ಣನ್ನು ಹೋಲಿಸಬೇಕು ಎಂಬ ಕಟ್ಟಳೆ ಬಂದದ್ದು ಇಲ್ಲಿಂದಲೇ.

ನೆಮಟೋಡ್ ಎಂದರೆ ಬೇರುಗಂಟು ರೋಗ ಎಂದಷ್ಟೇ ಟೊಮೆಟೊ, ಬದನೆ, ದಾಳಿಂಬೆ ಬೆಳೆಯುವವರಿಗೆ ಗೊತ್ತು. ಮಣ್ಣಿನಲ್ಲಿರುವ ಜಾತಿಗಳಲ್ಲಿ ಬೇರು ಚುಚ್ಚುವವು ಕೆಲವು ಮಾತ್ರ. ಗುರುತು ಬಾಯಿಯಲ್ಲಿದೆ. ಬಾಯೊಳಗೆ ಗುಬುಟಿನ ಬುಡವಿರುವ ದಪ್ಪ ಸೂಜಿ ಕಂಡರೆ ಬೇರಿನ ಶತ್ರು ಇರಬಹುದು. ಬರೀ ಕೊಳವೆಯಿದ್ದರೆ ಬ್ಯಾಕ್ಟೀರಿಯಾ ಹೀರುವ ಪ್ರಾಣಿ. ಹಲ್ಲಿದ್ದರೆ ಇತರ ನೆಮಟೋಡ್‌ಗಳನ್ನೇ ತಿನ್ನುವ ಬೇಟೆಗಾರ. ಇವುಗಳನ್ನು ಮಣ್ಣಿನಿಂದ ಬೇರ್ಪಡಿಸುವ ಉಪಾಯವನ್ನು 1917ರಲ್ಲಿ ಜಾವಾದಲ್ಲಿದ್ದ ವೈದ್ಯ ಬೇರ್‌ಮನ್ ಕೊಟ್ಟರು, ಅದೂ ಕೊಕ್ಕೆಹುಳುವಿನ ಮರಿ ಹುಡುಕಲು. ಆಲಿಕೆಗೆ ರಬ್ಬರ್ ನಳಿಗೆ ಸಿಕ್ಕಿಸಿ, ತುದಿ ಒತ್ತಿ ಮುಚ್ಚಿ, ನೀರು ತುಂಬಿ, ತೆಳುಬಟ್ಟೆಯಲ್ಲಿ ಕಟ್ಟಿದ ಮಣ್ಣನ್ನು ನೀರು ತಾಕುವಂತೆ ಇಟ್ಟರೆ ಒಂದು ರಾತ್ರಿಯಲ್ಲಿ ಜೀವಂತ ಹುಳುಗಳು ಬಟ್ಟೆ ದಾಟಿ ಕೆಳಗೆ ಇಳಿಯುತ್ತವೆ. ಎರಿಯ ಜೇಡಿ ಬಟ್ಟೆಯ ಮೇಲೆಯೇ ಉಳಿಯುವುದರಿಂದ ನಮ್ಮ ಮಣ್ಣಿಗೆ ಇದು ಬಹಳ ಒಪ್ಪುತ್ತದೆ. 1990ರಲ್ಲಿ ನೆದರ್‌ಲ್ಯಾಂಡಿನ ಟಾಮ್ ಬೊಂಗರ್ಸ್ ಬೇಗ ಹುಟ್ಟಿ ಬೇಗ ಸಾಯುವ ಜಾತಿಗಳಿಂದ ನಿಧಾನ ಬೆಳೆಯುವ ಜಾತಿಗಳವರೆಗೆ ಒಂದರಿಂದ ಐದು ಅಂಕ ಕೊಟ್ಟು, ಮಣ್ಣು ಎಷ್ಟು ಕೆದಕಿಸಿಕೊಂಡಿದೆ ಎಂದು ಹೇಳುವ ಸೂಚ್ಯಂಕ ಮಾಡಿದರು. ಅಷ್ಟು ದೂರ ಹೋಗಲು ಪರಿಣತರು ಬೇಕು. ಬಾಯಿ ನೋಡಿ ಗುಂಪು ಹೇಳುವುದನ್ನು ಪಿಯು ವಿದ್ಯಾರ್ಥಿ ಕಲಿಯಬಲ್ಲ.

ರೈತರಿಗಾಗಿ ಬರೆದ ಕೈಪಿಡಿಗಳಲ್ಲಿ ಹರಿದಾಡುವ ಕೆಲವು ನಿಯಮಗಳ ಬಗ್ಗೆ ಎಚ್ಚರ ಹೇಳಲೇಬೇಕು. ಸಿಲಿಯೇಟ್ ಕಂಡರೆ ಗಾಳಿಯಿಲ್ಲ ಎನ್ನುವುದು ಒಂದು. ಮಳೆ ಬಿದ್ದೊಡನೆ ಏಳುವ ಕೊಲ್ಪೋಡಾ ಗಾಳಿ ಬೇಕಾದ ಪ್ರಾಣಿಯೇ. ಅಡ್ಡಗೋಡೆಯಿಲ್ಲದ ಬಣ್ಣವಿಲ್ಲದ ಎಳೆ ರೋಗಕಾರಕ ಎನ್ನುವುದು ಇನ್ನೊಂದು. ಬೇರಿನ ಅತ್ಯುತ್ತಮ ಮಿತ್ರ ಶಿಲೀಂಧ್ರಕ್ಕೂ ಸಾಮಾನ್ಯವಾಗಿ ಅಡ್ಡಗೋಡೆಯಿಲ್ಲ. ಸೂಕ್ಷ್ಮದರ್ಶಕ ಜಾತಿಯ ಹೆಸರು ಹೇಳುವುದಿಲ್ಲ, ರೋಗಾಣುವನ್ನು ಖಚಿತಪಡಿಸುವುದಿಲ್ಲ, ಸತುವಿನ ಕೊರತೆ ತೋರಿಸುವುದಿಲ್ಲ. ಅಂಕಿಯೊಂದನ್ನು ಕೊಟ್ಟು ಈ ಮಣ್ಣು ಪಾಸು, ಈ ಮಣ್ಣು ಫೇಲು ಎನ್ನುವವರನ್ನು ನಂಬಬಾರದು.

ಆ ಮಿತ್ರ ಶಿಲೀಂಧ್ರದ ಮಾತು ಬಂದದ್ದರಿಂದ ಮುಂದುವರಿಸುತ್ತೇನೆ. ಮೈಕೊರೈಝಾ ಎಂಬ ಈ ಬಾಂಧವ್ಯದಲ್ಲಿ ಶಿಲೀಂಧ್ರ ಬೇರಿನೊಳಗೆ ಮನೆ ಮಾಡಿ, ಹೊರಗೆ ಎಳೆ ಚಾಚಿ, ಬೇರು ತಲುಪಲಾಗದ ಕಡೆಯಿಂದ ರಂಜಕ ಮತ್ತು ಸತು ತಂದುಕೊಡುತ್ತದೆ. ಗಿಡ ಸಕ್ಕರೆ ಕೊಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ. ಜೆ. ಭಾಗ್ಯರಾಜ್ ದಶಕಗಳ ಕಾಲ ಇದರ ಮೇಲೆ ದುಡಿದವರು, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೂ ಈ ಅಧ್ಯಯನ ನಡೆದಿದೆ. ಮನೋಳಿಯ ರೈತನಿಗೆ ಇಲ್ಲಿ ಹತ್ತಿರದ ಪಾಠ ದೂರದ ಆಸ್ಟ್ರೇಲಿಯಾದಿಂದ ಬಂದಿದೆ. ಕ್ವೀನ್ಸ್‌ಲ್ಯಾಂಡಿನಲ್ಲಿ ನಮ್ಮ ಎರಿಯಂಥದೇ ಬಿರಿಯುವ ಕಪ್ಪು ಮಣ್ಣಿದೆ. ಅಲ್ಲಿ ಹೊಲವನ್ನು ದೀರ್ಘಕಾಲ ಹಾಳು ಬಿಟ್ಟು ಬಿತ್ತಿದರೆ ಬೆಳೆ ಸೊರಗಿ ರಂಜಕ, ಸತುವಿನ ಕೊರತೆ ತೋರಿಸುತ್ತಿತ್ತು. ಕಾರಣ ಪೋಷಕಾಂಶವಲ್ಲ, ಗಿಡವಿಲ್ಲದ ಕಾಲದಲ್ಲಿ ಮಿತ್ರ ಶಿಲೀಂಧ್ರ ನಶಿಸಿದ್ದು ಎಂದು 1987ರಲ್ಲಿ ಥಾಂಪ್ಸನ್ ತೋರಿಸಿದರು. ನಮ್ಮಲ್ಲಿ ಚೀಟಿ ಸತು ಕಡಿಮೆ ಎಂದಾಗ ಸತುವಿನ ಸಲ್ಫೇಟ್ ಹಾಕುವುದು ಸರಿ, ಜೊತೆಗೆ ಜೋಳದ ಬೇರಿನೊಳಗೆ ಆ ಗೆಳೆಯ ಇದ್ದಾನೆಯೇ ಎಂದು ನೋಡುವುದೂ ಸರಿ.

ನೋಡುವ ದಾರಿ ಕಷ್ಟದ್ದಲ್ಲ. ನವಿರು ಬೇರುಗಳನ್ನು ತೊಳೆದು ನೂರಕ್ಕೆ ಹತ್ತರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿಮಾಡಿದರೆ ಬೇರು ಬಣ್ಣ ಕಳೆದುಕೊಂಡು ಪಾರದರ್ಶಕವಾಗುತ್ತದೆ. ಈ ದ್ರಾವಣ ಚರ್ಮ, ಕಣ್ಣು ಸುಡುತ್ತದೆ. ಇದು ಪ್ರಯೋಗಾಲಯದಲ್ಲಿ, ಮೇಷ್ಟ್ರ ಎದುರು ಮಾಡುವ ಕೆಲಸ. ಮೊದಲು ಟ್ರಿಪಾನ್ ಬ್ಲೂ ಎಂಬ ಅಪಾಯಕಾರಿ ಬಣ್ಣ ಬಳಸುತ್ತಿದ್ದರು. 1998ರಲ್ಲಿ ಫಿಯರ್‌ಹೈಲಿಗ್ ಮತ್ತು ಸಂಗಡಿಗರು ಪೆನ್ನಿನ ಶಾಯಿಯನ್ನು ವಿನೆಗರಿನಲ್ಲಿ ನೂರಕ್ಕೆ ಐದರಂತೆ ಬೆರೆಸಿದರೆ ಸಾಕೆಂದು ತೋರಿಸಿದರು. ಕೆಲವು ನಿಮಿಷ ಕುದಿಸಿ ತೊಳೆದ ಬೇರನ್ನು ಸ್ಲೈಡಿಗಿಟ್ಟರೆ, ಬೇರಿನ ಜೀವಕೋಶದೊಳಗೆ ಕೊಂಬೆಕೊಂಬೆಯಾಗಿ ಹರಡಿದ ಪುಟ್ಟ ಮರದಂಥ ಆಕೃತಿ ಶಾಯಿಯ ಬಣ್ಣದಲ್ಲಿ ಎದ್ದು ನಿಲ್ಲುತ್ತದೆ. ಎರಿಯ ಜೇಡಿ ಇಲ್ಲಿ ಅಡ್ಡ ಬರುವುದೇ ಇಲ್ಲ. ಮೊದಲ ಸಲ ಮಣ್ಣು ನೋಡುವವರಿಗೆ ಹನಿಗಿಂತ ಮೊದಲು ಈ ಬೇರನ್ನೇ ತೋರಿಸಬೇಕು ಎಂದು ನಾನು ಹೇಳುತ್ತೇನೆ.

ಹೋಲಿಕೆಗೆ ಏನನ್ನು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಹೊಲದ ಬದುವಿನಲ್ಲಿದೆ. ರಂಟೆ, ಟ್ರ್ಯಾಕ್ಟರ್ ತಾಕದೆ, ಹುಲ್ಲು ಬೆಳೆದು ಅಲ್ಲೇ ಕೊಳೆತು, ಬೇವು ಜಾಲಿಯ ಎಲೆ ಬಿದ್ದು ಹತ್ತಾರು ವರ್ಷ ಕಳೆದ ಮಣ್ಣು ಅದು. ಅದೇ ಎರಿ, ಅದೇ ಮಳೆ. ಬೇರೆ ಆದದ್ದು ನಮ್ಮ ಕೈ ಮಾತ್ರ. ಮುಂಗಾರಿ ಮಳೆ ಹದವಾಗಿ ಬಿದ್ದ ಒಂದು ವಾರಕ್ಕೆ, ಬದುವಿನ ಮಣ್ಣು ಮತ್ತು ಹೊಲದ ನಡುವಿನ ಮಣ್ಣನ್ನು ಒಂದೇ ದಿನ ತೆಗೆದು, ಒಂದೇ ಅಳತೆಗೆ ತೆಳುಮಾಡಿ, ಎರಡನ್ನೂ ಇಪ್ಪತ್ತಿಪ್ಪತ್ತು ವೃತ್ತ ನೋಡಿ ಶಿಲೀಂಧ್ರದ ಎಳೆ, ಫ್ಲಾಜೆಲೇಟ್, ಅಮೀಬಾ ಬರೆದಿಡಬೇಕು. ಆಲಿಕೆಯಲ್ಲಿ ಇಳಿದ ನೆಮಟೋಡ್‌ಗಳನ್ನು ಬಾಯಿ ನೋಡಿ ವಿಂಗಡಿಸಬೇಕು. ಕಣ್ಣುಗಾಜಿಗೆ ಮೊಬೈಲ್ ಹಿಡಿದು ತೆಗೆದ ವಿಡಿಯೊವನ್ನು ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ಧಾರವಾಡಕ್ಕೋ ಒಯ್ದು ತೋರಿಸಬಹುದು. ಮರುವರ್ಷ ರವದಿ ಸುಡದೆ ಬಿಟ್ಟ, ಕಳಿತ ತಿಪ್ಪೆ ಹಾಕಿದ ಅದೇ ಹೊಲದ ಮಣ್ಣನ್ನು ಅದೇ ಮಳೆಯ ಹದದಲ್ಲಿ ಮತ್ತೆ ತೆಗೆದು, ಹಳೆಯ ಪಟ್ಟಿಯ ಪಕ್ಕದಲ್ಲಿ ಹೊಸ ಪಟ್ಟಿ ಬರೆಯಬೇಕು.